ಹುಣಸೆಹಣ್ಣಿನಲ್ಲಿ ತಿಕ್ಕಿದ ಕಾರು

ಮೊದಲು ಹೋದದ್ದು ಆರು. ಪುಟ್ಟ ಕಾರಿನ ಬಿಳಿ ಮೈಯ ಮೇಲೆ, ಮೂತಿಯ ಹತ್ತಿರ, ಕಪ್ಪಗೆ ಠೀವಿಯಿಂದ ಕೂತಿದ್ದ ಇಂಗ್ಲಿಷಿನ ಆರು ಸರ್ವಮಂಗಳಳ ಹೆಬ್ಬೆರಳಿನ ಕೆಳಗೆ ಸುರುಳಿ ಸುತ್ತಿಕೊಂಡು, ಒಂದು ಗಳಿಗೆ ಉಗುರಿಗೆ ಅಂಟಿ ನಿಂತು, ಆಮೇಲೆ ಬೂದಿನೀರಿನ ಜೊತೆ ಕಲ್ಲಿನ ಮೇಲಿಂದ ಹರಿದು ಬಚ್ಚಲ ದಾರಿ ಹಿಡಿಯಿತು. ಅದು ಹೋಗುವುದನ್ನು ಅವಳು ನೋಡಿದಳು. ನೋಡಿದ್ದು ತಲೆಗೆ ಹತ್ತಲು ಎಂದಿನ ಹಾಗೆ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಕೈ ತನ್ನ ಪಾಡಿಗೆ ತಾನು ತಿಕ್ಕುತ್ತಲೇ ಇತ್ತು. ತಿಳಿದಾಗ, ಬಾವಿಗೆ ಇಳಿಬಿಟ್ಟ ಕೊಡ ಹಗ್ಗದ ಸಮೇತ ಕೈತಪ್ಪಿ ಸರ್ರನೆ ಇಳಿಯುವಾಗ ಆಗುತ್ತದಲ್ಲ, ಅಂಥದೇ ಆಯಿತು ಅವಳಿಗೆ. ಹೆದರಿಕೆಯೇ ಅದು. ಆದರೆ ಹೆದರಿಕೆಯ ಅಡಿಯಲ್ಲಿ ಇನ್ನೇನೋ ಗುಳುಗುಳು ಎನ್ನುತ್ತಿತ್ತು. ಅದನ್ನು ಏನೆಂದು ಕರೆಯಬೇಕೋ ತಿಳಿಯದೆ ಅವಳು ಎದುರಿಗೆ ಕೂತು ಹಂಡೆಯ ಮುಚ್ಚಳ ತಿಕ್ಕುತ್ತಿದ್ದ ಕೆಂಚಕ್ಕನ ಮುಖ ನೋಡಿದಳು.

ಅವತ್ತು ಆಯುಧಪೂಜೆ. ಹಿರಿಯೂರಿನ ಹೆದ್ದಾರಿಗೆ ಮುಖಮಾಡಿದ ಆ ಮನೆಯ ಮುಂದಿನ ಪಾಲು ಲಾರಿ ಸ್ಪೇರ್‌ಪಾರ್ಟ್ಸ್ ಅಂಗಡಿ, ಹಿಂದಿನ ಪಾಲು ಸಂಸಾರ, ಅದರ ಹಿಂದೆ ಈ ಹಿತ್ತಲು. ಅಂಗಡಿಯ ಜ್ಯಾಕು, ಸ್ಪ್ಯಾನರು, ತಕ್ಕಡಿಗಳಿಂದ ಹಿಡಿದು ಅಡುಗೆಮನೆಯ ಈಳಿಗೆ, ಸೌಟುಗಳವರೆಗೆ ಲೋಹ ಅಂದದ್ದೆಲ್ಲ ಹಿತ್ತಲಿಗೆ ಬಂದು ಬೆಳಗಿಸಿಕೊಂಡು ಹೋಗಬೇಕು. ಅದು ಅತ್ತೆ ಮರುಳಸಿದ್ದಮ್ಮನ ಕಟ್ಟುನಿಟ್ಟು. ಹೊಳೆಯಾಚೆ ಗುಡಿಸಲು ಹಾಕಿಕೊಂಡಿದ್ದ ಕೆಂಚಕ್ಕ ಯಲ್ಲದಕೆರೆ ಕಡೆಯ ಗೊಲ್ಲರಹಟ್ಟಿಯವಳು. ವರ್ಷವೆಲ್ಲ ಈ ಮನೆಯ ಪಾತ್ರೆ ತಿಕ್ಕುವವಳಾದರೂ ಈ ದಿನ ಮಾತ್ರ ಸರ್ವಮಂಗಳ ತಾನೂ ಸೀರೆ ಎತ್ತಿ ಕಟ್ಟಿ ಅವಳೆದುರು ಕೂರುತ್ತಿದ್ದಳು. ಗಂಡ ಮುರುಗಪ್ಪ ನಸುಕಿಗೇ ಹೊಳಲ್ಕೆರೆಗೆ ಹೋಗಿದ್ದ. ಅಲ್ಲಿರುವ ಅವನ ಅಕ್ಕನ ಗಂಡ ಶಿವಕುಮಾರಪ್ಪ ಹೊಸ ಲಾರಿ ಕೊಂಡಿದ್ದರು. ಅದರ ಮೊದಲ ಪೂಜೆ ಇಲ್ಲಿ, ಹೆದ್ದಾರಿಯ ಮೇಲೆ, ನಾಲ್ಕು ಜನ ಕಾಣುವ ಹಾಗೆ ಆಗಬೇಕಿತ್ತು. ಹೊರಡುವಾಗ ಮುರುಗಪ್ಪ ಗಾಜಿನ ಬೀರುವಿನ ಬೀಗದಕೈ ಅವಳ ಅಂಗೈಯಲ್ಲಿಟ್ಟು, ಕಾರನ್ನೂ ಪೂಜೆಗಿಡೋಣ, ಭಾವನೂ ನೋಡಲಿ, ಒಂದು ಸಲ ಒರೆಸಿಡು ಅಂದಿದ್ದ. ಒರೆಸು ಅಂದಿದ್ದ. ಒಣಬಟ್ಟೆಯಲ್ಲಿ ಎಂದು ಹೇಳಬೇಕೆಂದು ಯಾವ ಗಂಡಸಿಗೆ ಹೊಳೆಯುತ್ತದೆ? ಅವಳು ಒರೆಸಿದಳು. ಕಾರಿನ ಬಾಗಿಲ ಸಂದಿಯಲ್ಲಿ, ಗಾಲಿಯ ಕಮಾನಿನಲ್ಲಿ ಹೆದ್ದಾರಿಯ ಕೆಂಪು ಧೂಳು ಕೂತಿತ್ತು. ಧೂಳಿಗೆ ನೀರು, ನೀರಿಗೆ ಹುಣಸೆಹಣ್ಣು, ಹುಣಸೆಹಣ್ಣಿಗೆ ಬೂದಿ. ಕೈಗೆ ಗೊತ್ತಿದ್ದ ದಾರಿ ಅದೊಂದೇ.

ಆರು ಹೋದ ಮೇಲೆ ನಿಲ್ಲಿಸಬಹುದಿತ್ತು. ಈ ಮಾತು ಅವಳಿಗೆ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಇನ್ನೊಂದು ಪಕ್ಕದಲ್ಲಿ ಇನ್ನೊಂದು ಆರು ಉಳಿದಿತ್ತು, ಹಿಂದಿನ ರೆಕ್ಕೆಯ ಮೇಲೆ ಕೆಂಪು ಪಟ್ಟೆ ಉಳಿದಿತ್ತು, ಓದಲು ಬಾರದ ಸಣ್ಣ ಸಣ್ಣ ಬರಹಗಳೆಲ್ಲ ಉಳಿದಿದ್ದವು. ಅವಳು ಕಾರನ್ನು ತಿರುಗಿಸಿ ಹಿಡಿದಳು. ಗೇಣುದ್ದದ ಗಟ್ಟಿ ಲೋಹ. ನಿಜವಾದ ಗಾಡಿಯನ್ನು ಇಪ್ಪತ್ನಾಲ್ಕು ಪಾಲು ಮಾಡಿದರೆ ಅದರಲ್ಲೊಂದು ಪಾಲಿನ ಉದ್ದ ಎಂದು ಗಂಡ ಎಲ್ಲರಿಗೂ ಹೇಳುತ್ತಿದ್ದ. ಮನೆಗೆ ಬಂದು ವರ್ಷ ಕಳೆದಿದ್ದರೂ ಅದರ ತೂಕ ಅವಳ ಕೈಗೆ ಸಿಕ್ಕಿದ್ದು ಇವತ್ತೇ. ಆಗತಾನೇ ಹುಟ್ಟಿದ ಮೇಕೆಮರಿಯ ತಲೆ ಇಷ್ಟೇ ಭಾರವಿರುತ್ತದೆ ಅನಿಸಿತು. ಅವಳು ಇಟ್ಟಿಗೆ ಪುಡಿಯ ಕಡೆ ಕೈ ಚಾಚಿದಳು. ಕೆಂಚಕ್ಕ ತಿಕ್ಕುವುದನ್ನು ನಿಲ್ಲಿಸಿ, "ಅಮ್ಮ, ಅದು ಸಾವ್ಕಾರ್ರ ಜೀವ ಅಲ್ವೇನಮ್ಮ?" ಅಂದಳು. ಹೌದು ಎಂದು ಸರ್ವಮಂಗಳ ತಲೆಯಾಡಿಸಿದಳು. ತಲೆಯಾಡಿಸುತ್ತಲೇ ತೆಂಗಿನ ನಾರಿಗೆ ಇಟ್ಟಿಗೆ ಪುಡಿ ಹಚ್ಚಿ ಎರಡನೆಯ ಆರರ ಮೇಲೆ ಒತ್ತಿ ಉಜ್ಜಿದಳು. ಗುಳುಗುಳು ಎನ್ನುತ್ತಿದ್ದದ್ದು ಗಂಟಲಿಗೆ ಬಂತು.

ಆ ಜರ್ಮನಿಯವನು ಬಂದದ್ದು ಹೋದ ವರ್ಷ ಬೇಸಿಗೆಯಲ್ಲಿ. ಗಡ್ಡದ ತುಂಬ ಧೂಳು, ಕೈಯಲ್ಲಿ ಮುರಿದ ಗೇರುಬಾಕ್ಸಿನ ಚಕ್ರ. ತನ್ನ ದೇಶದಿಂದ ಇಲ್ಲಿಯವರೆಗೆ ವ್ಯಾನು ಓಡಿಸಿಕೊಂಡು ಬಂದಿದ್ದವನು ಹಿರಿಯೂರಿನಲ್ಲಿ ಕೆಟ್ಟು ನಿಂತಿದ್ದ. ದಾವಣಗೆರೆಯ ಲೇತಿನಲ್ಲಿ ಹೊಸ ಚಕ್ರ ಕಡೆಸಿ ತರುವವರೆಗೆ ಜಗಲಿಯ ಮೇಲೆ ಮಲಗಿ, ಮುದ್ದೆಯನ್ನು ಅಗಿದು ತಿಂದು, ಅತ್ತೆಯಿಂದ ನಗೆಪಾಟಲಾಗಿ, ಹೋಗುವಾಗ ಮುರುಗಪ್ಪನಿಗೆ ಈ ಕಾರು ಕೊಟ್ಟು ಹೋದ. ಕೊಡುವ ಮುನ್ನ ಅದರ ಕಥೆ ಹೇಳಿದ. ಅವನ ಹರಕು ಇಂಗ್ಲಿಷು, ಮುರುಗಪ್ಪನ ಮೆಟ್ರಿಕ್ ಇಂಗ್ಲಿಷು, ನಡುವೆ ಇದ್ದಿಲು. ಅಂಗಡಿಯ ಹಿಂಗೋಡೆಯ ಮೇಲೆ ಎರಡು ಬಸವನಹುಳುವಿನ ಚಿಪ್ಪು ಬರೆದು, ಎರಡನ್ನೂ ಒಂದೇ ಅಚ್ಚಿಗೆ ಜೋಡಿಸಿ, ಇಂಜಿನ್ನಿನಿಂದ ಹೊರಗೆ ಹೋಗುವ ಹೊಗೆ ಮೊದಲನೆಯ ಚಿಪ್ಪಿನ ಫ್ಯಾನು ತಿರುಗಿಸುತ್ತದೆ, ಅದು ತಿರುಗಿದರೆ ಎರಡನೆಯದರ ಫ್ಯಾನೂ ತಿರುಗುತ್ತದೆ, ಅದು ಹೊರಗಿನ ಗಾಳಿಯನ್ನು ಇಂಜಿನ್ನಿನ ಬಾಯಿಗೆ ತುರುಕುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸಿದ. ಅದಕ್ಕೆ ಟರ್ಬೋ ಎಂದು ಹೆಸರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದ ಸರ್ವಮಂಗಳಳಿಗೆ ಆಗ ಏನೂ ತಿಳಿಯಲಿಲ್ಲ. ಸಂಜೆ ಒಲೆ ಊದುತ್ತಿದ್ದಾಗ, ಊದುಗೊಳವೆ ಬಾಯಲ್ಲಿರುವಾಗಲೇ, ಇಡೀ ಗೋಡೆ ಬಾಣಗಳ ಸಮೇತ ಕಣ್ಣೆದುರು ಎದ್ದು ನಿಂತಿತು. ತನ್ನ ಹೊಗೆಯೇ ತನಗೆ ಉಸಿರು ಊದುವ ಒಲೆ. ಅವಳು ಒಬ್ಬಳೇ ಅಹಾ ಅಂದಳು. ಹೇಳೋಣವೆಂದು ಎದ್ದು ಬಂದರೆ ಅಂಗಡಿಯಲ್ಲಿ ಮಾತು ಬೇರೆಲ್ಲಿಗೋ ಹೋಗಿತ್ತು.

ಅವನು ಹೇಳಿದ ಇನ್ನೊಂದು ಸಂಗತಿ ಅವಳಲ್ಲಿ ಮುಳ್ಳಿನಂತೆ ಉಳಿದಿತ್ತು. ಆ ಗಾಡಿಯ ಪೆಡಲು ಒತ್ತಿದರೆ ತಕ್ಷಣ ಏನೂ ಆಗುವುದಿಲ್ಲ. ಚಾಲಕ ಒತ್ತಿದವನೇ ಕಾಯಬೇಕು. ಗಾಡಿ ಕಿವುಡಾಗಿದೆ, ಸತ್ತೇ ಹೋಗಿದೆ ಅನಿಸುವಾಗ ಸಾವಿರಕ್ಕೂ ಮೇಲ್ಪಟ್ಟ ಕುದುರೆಗಳ ಬಲ ಒಟ್ಟಿಗೇ ಬಂದು ಬೆನ್ನಿಗೆ ಒದೆಯುತ್ತದೆ. ಇದನ್ನು ಮುರುಗಪ್ಪ ಗಿರಾಕಿಗಳಿಗೆ ಹೇಳುವಾಗ ಗಾಡಿಯ ಕುಂದು ಎಂಬಂತೆ ಸ್ವರ ತಗ್ಗಿಸುತ್ತಿದ್ದ. ಅವಳಿಗೆ ಮಾತ್ರ ಕುಂದು ಅನಿಸಲಿಲ್ಲ. ಅವಳ ತವರು ರಾಮಗಿರಿ. ಮದುವೆಯ ಊಟದ ಪಂಕ್ತಿಯಲ್ಲಿ ಭಾವ ಶಿವಕುಮಾರಪ್ಪ ಏನೋ ತಮಾಷೆ ಮಾಡಿದ್ದರು, ಸುತ್ತಲಿನವರೆಲ್ಲ ನಕ್ಕು ಸುಮ್ಮನಾಗಿ, ಪಾಯಸ ಬಡಿಸಿ, ಎಲೆ ಮಡಿಸುವ ಹೊತ್ತಿಗೆ ಹೊಸ ಮದುಮಗಳು ಫಕ್ಕನೆ ನಕ್ಕುಬಿಟ್ಟಿದ್ದಳು. ಅವತ್ತೇ ಅವರು ಇಟ್ಟ ಹೆಸರು ರಾಮಗಿರಿ ಪ್ಯಾಸೆಂಜರ್. ಆ ಊರಿನ ಸ್ಟೇಷನ್ನಿಗೆ ರೈಲು ಯಾವತ್ತೂ ಹೊತ್ತಿಗೆ ಬಂದದ್ದಿಲ್ಲ. ಬಂಧುಗಳ ಮನೆಯ ಯಾವ ಕಾರ್ಯಕ್ಕೆ ಹೋದರೂ ಯಾರಾದರೊಬ್ಬರು ಅವಳನ್ನು ಏನಾದರೂ ಕೇಳಿ, ಉತ್ತರಕ್ಕೆ ಕಾಯುವ ನಟನೆ ಮಾಡಿ, ಕಿವಿಗೆ ಕೈಯಿಟ್ಟು ಸಿಳ್ಳೆ ಕೇಳಿಸಿತೇನ್ರಪ್ಪ ಅನ್ನುತ್ತಿದ್ದರು. ಅವಳೂ ನಗುತ್ತಿದ್ದಳು. ತಕ್ಕ ಉತ್ತರ ಬರುತ್ತಿತ್ತು, ಬರುತ್ತಿರಲಿಲ್ಲ ಎಂದಲ್ಲ. ಮಾರನೆಯ ದಿನ, ಬೇಳೆ ಬೇಯುವಾಗ, ಎಂಥ ಚಂದದ, ಮಸೆದ ಉತ್ತರಗಳು! ಎಲ್ಲವನ್ನೂ ಒಲೆಗೆ ಹೇಳಿದ್ದಳು. ಈ ಪ್ರಪಂಚದಲ್ಲಿ ಎಲ್ಲಿಯೋ ಒತ್ತಿದ ಮೇಲೆ ಕಾಯಿಸುವ ಗಾಡಿಯೊಂದಿದೆ, ಅದನ್ನು ಯಾರೂ ನಕ್ಕು ಹಂಗಿಸುವುದಿಲ್ಲ, ಗಾಜಿನೊಳಗಿಟ್ಟು ಬೀಗ ಹಾಕುತ್ತಾರೆ ಎಂಬುದು ತಿಳಿದಂದಿನಿಂದ ಆ ಬೀರುವಿನ ಮುಂದೆ ಹಾದುಹೋಗುವಾಗ ಅವಳಿಗೆ ಕತ್ತು ಬಿಸಿಯಾಗುತ್ತಿತ್ತು. ಅದು ಪ್ರೀತಿಯೋ ಹೊಟ್ಟೆಯುರಿಯೋ ಅವಳು ತೀರ್ಮಾನಿಸಿರಲಿಲ್ಲ.

ಕೆಂಪು ಪಟ್ಟೆ ಸುಲಭಕ್ಕೆ ಬಿಡಲಿಲ್ಲ. ಬಿಡದಿದ್ದಷ್ಟೂ ಅವಳಿಗೆ ಉಮೇದು. ಆ ಪಟ್ಟೆಯ ಬಳಿ ಬಂದಾಗಲೇ ಮುರುಗಪ್ಪ ಕಥೆಯ ಎರಡನೆಯ ಭಾಗಕ್ಕೆ ಹೋಗುತ್ತಿದ್ದದ್ದು. ಕಡ್ಡಿಯಿಂದ ಗಾಜಿನ ಮೇಲೆ ತೋರಿಸುತ್ತ, ಇದರ ಅಣ್ಣಂದಿರು ಟರ್ಬೋ ಇಲ್ಲದೆಯೇ ಫ್ರಾನ್ಸಿನಲ್ಲಿ ಹಗಲು ರಾತ್ರಿ ಓಡಿ ಗೆದ್ದವು, ಆಮೇಲೆ ಇದನ್ನು ಮಾಡಿದ ಪೋರ್ಷೆಯವರು ಟರ್ಬೋ ಕೂಡಿಸಿ ಅಮೆರಿಕದ ರೇಸಿಗೆ ಕಳಿಸಿದರು, ಎಪ್ಪತ್ತೆರಡರಲ್ಲಿ ಚಾಲಕ ಕಾಲಿಗೆ ಪೆಟ್ಟು ಮಾಡಿಕೊಂಡು ಮಲಗಿದಾಗ ಬದಲಿಗೆ ಬಂದವನೇ ಪಟ್ಟ ಗೆದ್ದುಬಿಟ್ಟ, ಮರುವರ್ಷ ಪೆಟ್ಟುಬಿದ್ದವನು ಎದ್ದು ಬಂದು ತಾನೂ ಗೆದ್ದ, ಬೇರೆಯವರಿಗೆ ಗೆಲ್ಲುವ ಆಸೆಯೇ ಸತ್ತಿತು, ಕೊನೆಗೆ ಇಷ್ಟೇ ಪೆಟ್ರೋಲು ಕುಡಿಯಬೇಕೆಂದು ನಿಯಮ ತಂದು ಇದನ್ನು ಮನೆಗೆ ಕಳಿಸಿದರು, ಇದು ಮನೆಗೆ ಹೋದ ಮೇಲೆ ರೇಸೂ ಬಹಳ ದಿನ ಬಾಳಲಿಲ್ಲ ಎನ್ನುತ್ತಿದ್ದ. ಜವನಗೊಂಡನಹಳ್ಳಿಯ ಲಾರಿ ಡ್ರೈವರುಗಳು ನಟ್ಟು ಬೋಲ್ಟು ಕೊಳ್ಳಲು ಬಂದವರು ಬಾಯಿ ಬಿಟ್ಟು ಕೇಳುತ್ತಿದ್ದರು. ಈಗ ಆ ಪಟ್ಟೆ ಅವಳ ಮೊಣಕೈವರೆಗೆ ಕುಂಕುಮದ ನೀರಾಗಿ ಇಳಿಯುತ್ತಿತ್ತು. ಫ್ರಾನ್ಸು ಬಚ್ಚಲಿಗೆ ಹೋಯಿತು. ಅಮೆರಿಕ ಬಚ್ಚಲಿಗೆ ಹೋಯಿತು. ಗಂಟಲಲ್ಲಿ ಕಾಯುತ್ತಿದ್ದದ್ದು ಈಗ ಹೊರಗೆ ಬಂತು. ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು, ಕೈಯಲ್ಲಿನ ಕಾರು ಜಾರುವಷ್ಟು ನಕ್ಕಳು. ಕೆಂಚಕ್ಕ ಮೊದಲು ಗಾಬರಿಯಾಗಿ, ಆಮೇಲೆ ಕಾರಣ ಗೊತ್ತಿಲ್ಲದೆಯೇ ತಾನೂ ನಕ್ಕು, ಬೂದಿಗೈಯಿಂದ ಮೂಗು ಒರೆಸಿಕೊಂಡು ಮೀಸೆ ಬರೆದುಕೊಂಡಳು. ಅದನ್ನು ನೋಡಿ ಇಬ್ಬರೂ ಮತ್ತೆ ನಕ್ಕರು.

ಬಣ್ಣವೆಲ್ಲ ಹೋದ ಮೇಲೆ ಉಳಿದದ್ದು ನೋಡಿ ಅವಳಿಗೆ ನಗು ನಿಂತಿತು. ಮಾರಿಕಣಿವೆಯ ನೀರಿನ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಇರುವಂಥ ಬಣ್ಣ. ಯಾವ ದೇಶದ್ದೂ ಅಲ್ಲ, ಯಾರ ನಂಬರೂ ಇಲ್ಲ. ಅವಳು ಕೈ ತೊಳೆದಳು. ಉಗುರಿನ ಸಂದಿಯ ಬೂದಿಯನ್ನೂ ಬಿಡದೆ ತೊಳೆದು, ಒಳಗೆ ಹೋಗಿ ಹಬ್ಬದ ರೇಷ್ಮೆ ಸೀರೆ ಉಟ್ಟಳು. ಹಿಂತಿರುಗಿ ದೇವರಮನೆಗೆ ಬಂದರೆ ಮರುಳಸಿದ್ದಮ್ಮ, ಕಣ್ಣು ಮಂಜಾದವಳು, ಒಣಗಲಿಟ್ಟ ಪಾತ್ರೆಗಳ ನಡುವೆ ಕೈಯಾಡಿಸಿ ಕಾರನ್ನು ಎತ್ತಿಕೊಂಡಿದ್ದಳು. ಮೂತಿ ಸವರಿದಳು, ಬೆನ್ನು ಸವರಿದಳು, ಹಿಂದೆ ಎದ್ದು ನಿಂತ ರೆಕ್ಕೆಯ ಅಂಚನ್ನು ಎರಡು ಬೆರಳಿನಿಂದ ಹಿಡಿದು ನೋಡಿ, ಬೇರೆ ಏನೂ ಅನುಮಾನವಿಲ್ಲದೆ, "ಬಸವಣ್ಣ," ಅಂದಳು. "ಎಲ್ಲಿತ್ತೇ ಇಷ್ಟು ದಿನ?" ಸರ್ವಮಂಗಳ ಉತ್ತರಿಸುವ ಮೊದಲೇ ಅತ್ತೆ ವಿಭೂತಿಗಟ್ಟಿ ತೆಗೆದು ಸಾವಿರ ಕುದುರೆಯ ಗಾಡಿಯ ಮೂತಿಗೆ ಮೂರು ಬೆರಳಿನ ಪಟ್ಟೆ ಎಳೆದು, ಚಾಲಕ ಕೂರುವ ಗುಳಿಯಲ್ಲಿ ಒಂದು ಬಿಲ್ವಪತ್ರೆ ಇಟ್ಟು, ತಟ್ಟೆಯ ನಡುಮಧ್ಯೆ ಸ್ಥಾಪಿಸಿಬಿಟ್ಟಿದ್ದಳು. ಹೇಳಬೇಕೋ ಬೇಡವೋ ಎಂದು ಅವಳು ನಿಂತೇ ಇದ್ದಾಗ ಹೆದ್ದಾರಿಯಲ್ಲಿ ಹೊಸ ಲಾರಿಯ ಹಾರನ್ನು ಊರೆಲ್ಲ ಕೇಳುವಂತೆ ಕೂಗಿತು.

ಶಿವಕುಮಾರಪ್ಪ ಇಳಿದರೆ ಮನೆ ತುಂಬುತ್ತಿತ್ತು. ಅತ್ತೆಯ ಕಾಲು ಮುಟ್ಟಿದರು, ಬಿಸಿಲನ್ನು ಬೈದರು, ಲಾರಿಯ ಚುಕ್ಕಾಣಿ ಬೆಣ್ಣೆ ಅಂದರು, ಕಾಫಿ ಕೇಳಿ ಅದು ಬರುವುದರೊಳಗೆ, ರಾಮಗಿರಿಯಿಂದ ಬರಬೇಕೇನೋ ಅಂದರು. ಮುರುಗಪ್ಪ ನಕ್ಕು, ಭಾವನನ್ನು ಗಾಜಿನ ಬೀರುವಿನ ಮುಂದೆ ನಿಲ್ಲಿಸಿ, ಕಡ್ಡಿ ಕೈಗೆತ್ತಿಕೊಂಡು ತಿರುಗಿದ. ಬೀರು ಖಾಲಿ. ಪೂಜೆಗಿಟ್ಟಿರಬೇಕು ಎಂದು ಒಳಗೆ ಬಂದ. ತಟ್ಟೆ ನೋಡಿದ. ನೋಡಿದ್ದು ತಲೆಗೆ ಹತ್ತಲು ಈ ಸಲ ಅವನಿಗೇ ಹೊತ್ತು ಹಿಡಿಯಿತು. ಬಿಲ್ವಪತ್ರೆ ತೆಗೆದ, ವಿಭೂತಿಯ ಮೇಲೆ ಹೆಬ್ಬೆರಳಾಡಿಸಿದ. ಅವನ ಮುಖ ಕೂಗುವ ಮುಖವಾಗಲಿಲ್ಲ, ಅದೇ ಅವಳಿಗೆ ಸಹಿಸಲಾಗದ್ದು. ಹಳೆಯ ಗೆಳೆಯನನ್ನು ಗುರುತು ಹಿಡಿಯಲಾಗದವನ ಮುಖವಾಯಿತು. ಆಮೇಲೆ ಅವನ ಕಣ್ಣು ಹಿತ್ತಲ ಬಾಗಿಲಿಗೆ ಹೋಯಿತು. ಅಲ್ಲಿ ಕೆಂಚಕ್ಕ ನಿಂತಿದ್ದಳು. ಮೊಣಕೈವರೆಗೆ ಬೂದಿ, ಹುಣಸೆಹಣ್ಣು, ಮೂಗಿನ ಕೆಳಗೆ ಇನ್ನೂ ಅಳಿಸದ ಮೀಸೆ. ಸರ್ವಮಂಗಳಳ ಕೈಗಳು ರೇಷ್ಮೆಯ ಮಡಿಕೆಯ ಮೇಲೆ ಬೆಳ್ಳಗಿದ್ದವು.

"ಕುರಿಮಂದೆಯೋರಿಗೆ ಕಾರಂದ್ರೇನು ಚೆಂಬಂದ್ರೇನು ಬಿಡೋ ಮುರುಗಣ್ಣ," ಅಂದರು ಶಿವಕುಮಾರಪ್ಪ.

ಮುರುಗಪ್ಪ ಕಾರಿನಿಂದ ಕಣ್ಣೆತ್ತದೆ, "ಕೆಂಚಕ್ಕ, ನಾಳೆಯಿಂದ ಬರಬ್ಯಾಡ," ಅಂದ.

ಕೆಂಚಕ್ಕ ವಾದ ಮಾಡಲಿಲ್ಲ. ನಾನಲ್ಲ ಎಂದೂ ಅನ್ನಲಿಲ್ಲ. ಸರ್ವಮಂಗಳಳ ಕಡೆ ಒಂದು ಸಲ ನೋಡಿದಳು. ಆ ನೋಟದಲ್ಲಿ ದೂರಿದ್ದಿದ್ದರೆ ಚೆನ್ನಾಗಿತ್ತು. ಉಕ್ಕಿ ಬರಬೇಕಾದ ಹಾಲನ್ನು ನೋಡುವ ಹಾಗೆ ಸುಮ್ಮನೆ ನೋಡಿದಳು, ಬರದಿದ್ದದ್ದು ಕಂಡು ತಿರುಗಿ ಬುಟ್ಟಿ ಎತ್ತಿಕೊಳ್ಳಲು ಬಗ್ಗಿದಳು. ಸರ್ವಮಂಗಳ ಒಳಗೊಳಗೇ ಪೆಡಲು ಒತ್ತಿದಳು. ಏನೂ ಬರಲಿಲ್ಲ. ಬರುತ್ತದೆ, ಅವಳಿಗೆ ಗೊತ್ತು. ನಾಳೆ ಒಲೆಯ ಮುಂದೆ ಎಷ್ಟು ಚಂದವಾಗಿ ಬರುತ್ತದೆಂದೂ ಗೊತ್ತು. ಅಷ್ಟು ಹೊತ್ತಿಗೆ ಕೆಂಚಕ್ಕ ಸೇತುವೆ ದಾಟಿ, ಹಬ್ಬದ ದಿನ ಕೆಲಸ ಕಳಕೊಂಡು ಬಂದವಳಾಗಿ ತನ್ನ ಬಾಗಿಲಲ್ಲಿ ಕೂತಿರುತ್ತಾಳೆ. ತೊಳೆದ ಕೈಗಳು ಅವಳಿಗೆ ತನ್ನವು ಅನಿಸಲಿಲ್ಲ. ಏಕೆ ಅಷ್ಟು ಚೊಕ್ಕವಾಗಿ ತೊಳೆದೆ? ಉಗುರಿನ ಸಂದಿಯನ್ನೂ ಬಿಡದೆ? ಆಗಲೇ ನನಗೆ ಇದು ಗೊತ್ತಿತ್ತೆ? ಈ ಪ್ರಶ್ನೆ ಬಂದು ನಿಂತ ಗಳಿಗೆಯಲ್ಲಿ ಹಿತ್ತಲ ಬೆಳಕೆಲ್ಲ ಒಮ್ಮೆಗೇ ಬಾಗಿಲೊಳಗೆ ನುಗ್ಗಿದ ಹಾಗಾಯಿತು, ಅಂಗಾಲಿನಿಂದ ಹೊರಟದ್ದೇನೋ ಮಂಡಿ, ಹೊಟ್ಟೆ, ಎದೆಗಳನ್ನು ಒದ್ದುಕೊಂಡು ಮೇಲಕ್ಕೆ ಬಂತು.

"ನಾನೇ ತಿಕ್ಕಿದ್ದು," ಅಂದಳು. ಬೇಕಾದ್ದಕ್ಕಿಂತ ಬಹಳ ಜೋರಾಗಿ ಬಂದದ್ದರಿಂದ ಅತ್ತೆಯೂ ಬೆಚ್ಚಿದಳು. ಆದರೆ ಒಮ್ಮೆ ಬಂದದ್ದು ನಿಲ್ಲುವಂತಿರಲಿಲ್ಲ. "ಕೆಂಚಕ್ಕ ಬ್ಯಾಡ ಅಂದ್ಲು. ಆರು ಹೋದಾಗ ಬಿಡಬೋದಿತ್ತು, ನಾನು ಬಿಡ್ಲಿಲ್ಲ. ಇಟ್ಟಿಗೆ ಪುಡಿ ಹಾಕಿ ತಿಕ್ದೆ. ಬೇಕಂತ್ಲೇ ತಿಕ್ದೆ. ಕೈ ತೊಳಕಂಡು ಸೀರೆ ಉಟ್ಕಂಡು ಬಂದು ನಿಂತೆ. ಆ ಯಮ್ಮನ್ನ ಯಾಕ್ ಕಳಸ್ತೀರಿ, ಕಳಸೋದಾದ್ರೆ ನನ್ನ ಕಳಸ್ರಿ."

ಶಿವಕುಮಾರಪ್ಪ ಕಿವಿಗೆ ಕೈಯಿಟ್ಟು, ಬಾಗಿಲ ನಡುವೆ ಅಗಲವಾಗಿ ನಿಂತು, "ಓಹೋ, ರಾಮಗಿರಿ ಪ್ಯಾಸೆಂಜರ್ ಬಂತಪ್ಪ," ಅಂದರು.

"ಬಂತು ಭಾವ," ಅಂದಳು ಸರ್ವಮಂಗಳ. "ಹಳಿ ಮ್ಯಾಲೆ ನಿಂತಿದ್ದೀರಿ, ಸ್ವಲ್ಪ ಈ ಕಡೆ ಸರೀರಿ."

ಅವರು ಸರಿದರು. ಅದೇ ಆಶ್ಚರ್ಯ, ತಮಾಷೆಯೆಂದು ತಿಳಿಯುವ ಮೊದಲೇ ಅವರ ಕಾಲು ಸರಿದಿತ್ತು. ಹಿತ್ತಲಲ್ಲಿ ಕೆಂಚಕ್ಕ ಸೆರಗು ಬಾಯಿಗೆ ತುರುಕಿಕೊಂಡರೂ ನಗು ಮೂಗಿನಿಂದ ಬಂತು. ಅತ್ತೆ, ಏನಾಯಿತೆಂದು ಪೂರ್ತಿ ತಿಳಿಯದಿದ್ದರೂ, ಅಳಿಯನಿಗೆ ಏನೋ ಆಯಿತೆಂಬಷ್ಟು ತಿಳಿದು ಹಲ್ಲಿಲ್ಲದ ಬಾಯಿ ಬಿಟ್ಟು ಕುಲುಕುಲು ನಕ್ಕಳು. ಭಾವ ತೆರವು ಮಾಡಿದ ಬಾಗಿಲಿನಿಂದ ಸರ್ವಮಂಗಳ ಹಿತ್ತಲಿಗಿಳಿದು, ರೇಷ್ಮೆ ಸೀರೆಯಲ್ಲೇ ಕಲ್ಲಿನ ಪಕ್ಕ ಕೂತು ಬೂದಿಯೊಳಗೆ ಎರಡೂ ಕೈ ಅದ್ದಿದಳು. ಇನ್ನು ಅವನು ಬಂದು ಏನು ಬೇಕಾದರೂ ಅನ್ನಲಿ.

ಮುರುಗಪ್ಪ ಬಂದ. ಹೊಸಿಲ ಮೇಲೆ ನಿಂತ. ಕಡ್ಡಿ ಎಲ್ಲೋ ಬಿದ್ದುಹೋಗಿತ್ತು. ಕಾರನ್ನು ಹಾಗೂ ಹೀಗೂ ತಿರುಗಿಸಿ ನೋಡಿದ. ತೋರಿಸಲು ಒಂದು ನಂಬರೂ ಒಂದು ಪಟ್ಟೆಯೂ ಇರಲಿಲ್ಲ. ಕಥೆ ಎಲ್ಲಿಂದ ಶುರುಮಾಡಬೇಕೆಂದು ಹುಡುಕುವವನ ಹಾಗೆ ಅವನ ಬೆರಳು ಮೂತಿಯಿಂದ ಬಾಗಿಲಿಗೆ, ಬಾಗಿಲಿನಿಂದ ಗಾಲಿಗೆ ಬಂತು. ಗಾಲಿ ತಿರುಗಿತು. ಧೂಳು ಹೋಗಿದ್ದ ಅಚ್ಚಿನಿಂದ ಸಣ್ಣ, ನುಣುಪಾದ ಸದ್ದು ಬಂತು. ಅವನು ಇನ್ನೊಮ್ಮೆ ತಿರುಗಿಸಿದ, ಕಿವಿಯ ಹತ್ತಿರ ಹಿಡಿದುಕೊಂಡ. ಅಷ್ಟು ಜನರಿಗೆ ಅದರ ವೇಗ ಹೇಳಿದವನು ಅದನ್ನು ಒಮ್ಮೆಯೂ ನೆಲಕ್ಕೆ ಬಿಟ್ಟಿರಲಿಲ್ಲ.

"ಉರುಳ್ತೈತಲ್ಲೇ ಇದು," ಅಂದ, ಯಾರಿಗೆಂದಿಲ್ಲದೆ.

ಪಂಚೆ ಮೇಲೆತ್ತಿ ಕಟ್ಟಿ ಕಲ್ಲುಹಾಸಿನ ಆ ತುದಿಯಲ್ಲಿ ಕುಕ್ಕರುಗಾಲಲ್ಲಿ ಕೂತ. ಈ ತುದಿಯಲ್ಲಿ ಅವಳಿದ್ದಳು. ನಡುವೆ ಮಸಿಹಿಡಿದ ಸ್ನಾನದ ಹಂಡೆ ಇನ್ನೂ ತಿಕ್ಕಿಸಿಕೊಳ್ಳದೆ ಮಲಗಿತ್ತು. ಕೆಂಚಕ್ಕನ ಕಡೆ ನೋಡದೆಯೇ, ಆ ಹಂಡೆ ಒಂದಿಷ್ಟು ಸರಿಸು ಅಂದ. ಕೆಂಚಕ್ಕ ಬುಟ್ಟಿಯನ್ನು ಸೊಂಟದ ಮೇಲೆ ಇಟ್ಟುಕೊಂಡವಳು ಇದ್ದಲ್ಲೇ ಇದ್ದಳು. ಬರಬ್ಯಾಡ ಅಂದ್ರಲ್ಲ ಸಾವ್ಕಾರ್ರೆ ಎಂದು, ಬೇಸರವೂ ಸಿಟ್ಟೂ ಇಲ್ಲದ ದನಿಯಲ್ಲಿ ನೆನಪಿಸಿದಳು. ಮುರುಗಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಹಂಡೆಯ ಮುಖ ನೋಡಿದಳು. ಬಾಗಿಲಲ್ಲಿ ಭಾವ ಗಂಟಲು ಸರಿಮಾಡಿಕೊಂಡರು. ಅವನು ಎದ್ದ. "ತಪ್ಪಾಯ್ತು ಕಣಮ್ಮ, ಬಾ," ಎಂದು ಹಂಡೆಗೇ ಹೇಳುವವನ ಹಾಗೆ ಗೊಣಗಿ, ಹಬ್ಬದ ಬಿಳಿ ಪಂಚೆಯಲ್ಲಿ ಆ ಮಸಿಯ ಹಂಡೆಯನ್ನು ಎರಡೂ ತೋಳಿನಿಂದ ತಬ್ಬಿ ಎತ್ತಿ, ಪಕ್ಕಕ್ಕಿಟ್ಟ. ಎದೆಯಿಂದ ಮಂಡಿಯವರೆಗೆ ಕಪ್ಪಾಗಿತ್ತು. ಕೆಂಚಕ್ಕ ಬುಟ್ಟಿ ಕೆಳಗಿಟ್ಟಳು.

ಅವನು ಮತ್ತೆ ತನ್ನ ತುದಿಗೆ ಹೋಗಿ ಕೂತ. ಕಾರನ್ನು ಕಲ್ಲಿನ ಮೇಲಿಟ್ಟು ಒಂದು ನೂಕು ನೂಕಿದ. ವಿಭೂತಿ ಹಚ್ಚಿಕೊಂಡ ಬೆಳ್ಳಿಬಣ್ಣದ ಗಾಡಿ ಬೂದಿನೀರನ್ನು ಎರಡು ಪಾಲಾಗಿ ಸೀಳಿಕೊಂಡು, ನೇರ, ಒಂದೇ ಉಸಿರಿಗೆ ಬಂದು ಸರ್ವಮಂಗಳಳ ಒದ್ದೆ ಅಂಗೈಗೆ ಬಡಿಯಿತು. ಅವಳು ಅದನ್ನು ಹಿಡಿದುಕೊಂಡೇ ಕೂತಿದ್ದಳು.

ಮುರುಗಪ್ಪ ಮಸಿಯಾದ ಎರಡೂ ಕೈಗಳನ್ನು ನೆಲದ ಹತ್ತಿರ ಜೋಡಿಸಿ ಬೊಗಸೆ ಮಾಡಿದ.

"ಬಿಡೇ," ಅಂದ. "ಈ ಕಡೆ ಬಿಡು."